ಹಿಮ್ಮಡಿ ತಿರುಗಿಸಲು ಕಲಿತರೆ

ಸ್ವೆಟರ್ ಹೆಣೆಯುತ್ತಾರೆ. ಮಫ್ಲರ್ ಹೆಣೆಯುತ್ತಾರೆ. ಹುಟ್ಟಲಿರುವ ಕೂಸಿಗೆ ಮೂರು ತಿಂಗಳು ಮೊದಲೇ ಕುಲಾವಿ ಹೆಣೆದು ಇಡುತ್ತಾರೆ. ಆದರೆ ‘ಒಂದು ಜೊತೆ ಕಾಲುಚೀಲ ಹೆಣೆದುಕೊಡಿ’ ಅಂದು ನೋಡಿ. ‘ಅದೊಂದು ಬಿಟ್ಟು ಬೇರೆ ಏನಾದರೂ ಕೇಳಿ’ ಎಂಬ ಉತ್ತರ ತಯಾರಾಗಿರುತ್ತದೆ. ಇಪ್ಪತ್ತು, ಮೂವತ್ತು ವರ್ಷಗಳಿಂದ ಕಡ್ಡಿ ಹಿಡಿದವರೂ ಕಾಲುಚೀಲದ ಹತ್ತಿರ ಸುಳಿಯುವುದಿಲ್ಲ. ಕಾರಣ ಕೇಳಿದರೆ ಎಲ್ಲರ ಬಾಯಲ್ಲೂ ಬರುವುದು ಒಂದೇ ಮಾತು: ‘ಹಿಮ್ಮಡಿ!’

ಕಣಕಾಲಿನಿಂದ ನೇರವಾಗಿ ಕೆಳಗಿಳಿದು ಬಂದ ಹೆಣಿಗೆ ಹಿಮ್ಮಡಿಯ ಹತ್ತಿರ ಒಮ್ಮೆಗೇ ತಿರುಗಿ ಬೆರಳುಗಳ ಕಡೆಗೆ ಹೊರಡಬೇಕು. ಹೊಲಿಗೆಯ ಗೆರೆ ಕಾಣಬಾರದು, ತೂತು ಬೀಳಬಾರದು, ಸುಕ್ಕೂ ಇರಬಾರದು. ಇದಕ್ಕೆ ಹೆಣಿಗೆಯವರು ‘ಹಿಮ್ಮಡಿ ತಿರುಗಿಸುವುದು’ ಎನ್ನುತ್ತಾರೆ. ಕೆಲಸ ಹತ್ತೇ ಸಾಲಿನದು. ಆ ಹತ್ತು ಸಾಲಿಗೆ ಹೆದರಿ ಹತ್ತಾರು ವರ್ಷ ದೂರ ಉಳಿದವರಲ್ಲಿ ನಾನೂ ಒಬ್ಬಳು.

ನಮ್ಮದೇನು ಹಿಮ ಬೀಳುವ ನಾಡಲ್ಲವಲ್ಲ, ಉಣ್ಣೆಯ ಕಾಲುಚೀಲ ಯಾರಿಗೆ ಬೇಕು ಎಂದು ಕೇಳಬಹುದು. ಬಾಣಂತಿಯ ಕೋಣೆಯಲ್ಲಿ ಒಮ್ಮೆ ಇಣುಕಿ ನೋಡಿ. ಸೆಕೆಗಾಲವೇ ಇರಲಿ, ಕಿವಿಗೆ ಬಟ್ಟೆ, ಕಾಲಿಗೆ ಚೀಲ ಇರಲೇಬೇಕು. ತೊಟ್ಟಿಲ ಕೂಸಿಗೂ ಬೇಕು. ಧನುರ್ಮಾಸದ ಬೆಳಗಿನಲ್ಲಿ ಮಡಿಕೇರಿ, ಸಕಲೇಶಪುರ, ಚಿಕ್ಕಮಗಳೂರಿನ ಮನೆಗಳ ಗಾರೆ ನೆಲ ಮೆಟ್ಟಿದವರಿಗೆ ಗೊತ್ತು, ಚಳಿ ಮೊದಲು ಹತ್ತುವುದು ಪಾದಕ್ಕೆ. ಮನೆಯಲ್ಲಿ ವಯಸ್ಸಾದವರಿದ್ದರಂತೂ ರಾತ್ರಿ ಕಂಬಳಿಯೊಳಗೂ ಅವರ ಕಾಲು ತಣ್ಣಗೇ ಇರುತ್ತದೆ.

ಭಯ ಯಾವುದರದು?

ಮೊದಲನೆಯದು ಕಡ್ಡಿಗಳದು. ಸ್ವೆಟರ್‌ಗೆ ಎರಡು ಕಡ್ಡಿ ಸಾಕು. ಕಾಲುಚೀಲವನ್ನು ಕೊಳವೆಯಂತೆ ಸುತ್ತಲೂ ಹೆಣೆಯಬೇಕಾದ್ದರಿಂದ ಎರಡೂ ತುದಿ ಚೂಪಾಗಿರುವ ಐದು ಗಿಡ್ಡ ಕಡ್ಡಿ ಬೇಕು. ನಾಲ್ಕರ ಮೇಲೆ ಹೆಣಿಗೆ ಚೌಕವಾಗಿ ಕೂತಿರುತ್ತದೆ, ಐದನೆಯದು ಹೆಣೆಯುವ ಕಡ್ಡಿ. ನೋಡಿದವರಿಗೆ ಮುಳ್ಳುಹಂದಿ ಕೈಯಲ್ಲಿ ಹಿಡಿದಂತೆ ಕಾಣುತ್ತದೆ. ಆದರೆ ಒಂದು ಸಲಕ್ಕೆ ಕೆಲಸ ಮಾಡುವುದು ಎರಡೇ ಕಡ್ಡಿ. ಉಳಿದ ಮೂರು ತಮ್ಮ ಸರದಿ ಬರುವವರೆಗೆ ಸುಮ್ಮನೆ ಕಾಯುತ್ತವೆ.

ಎರಡನೆಯದು ನಿಜವಾದ ಭಯ. ಹೆಣಿಗೆ ಕಲಿಸುವಾಗ ಎಲ್ಲರಿಗೂ ಹೇಳಿಕೊಡುವ ಮೊದಲ ಪಾಠ, ಸಾಲನ್ನು ಕೊನೆ ಮುಟ್ಟಿಸಿಯೇ ತಿರುಗಿಸಬೇಕು ಎಂಬುದು. ಹಿಮ್ಮಡಿಯಲ್ಲಿ ಆ ಪಾಠವನ್ನೇ ಮುರಿಯಬೇಕು. ಸಾಲಿನ ಮಧ್ಯದಲ್ಲಿ, ಇನ್ನೂ ಎಂಟು ಕುಣಿಕೆ ಬಾಕಿ ಇರುವಾಗಲೇ, ಹೆಣಿಗೆಯನ್ನು ತಿರುಗಿಸಿ ಬಂದ ದಾರಿಗೇ ವಾಪಸು ಹೋಗಬೇಕು. ಕಡ್ಡಿಯ ಮೇಲೆ ದೊಡ್ಡದೊಂದು ಸಂದು ಕಾಣುತ್ತದೆ. ಕೈಗೆ ಅದು ಸರಿ ಅನ್ನಿಸುವುದಿಲ್ಲ. ‘ಎಲ್ಲೋ ತಪ್ಪಿತು’ ಎಂದು ಬಿಚ್ಚಿ ಹಾಕಿ, ಉಂಡೆ ಸುತ್ತಿ, ಡಬ್ಬಿಯಲ್ಲಿಟ್ಟು ಮುಚ್ಚುವವರೇ ಹೆಚ್ಚು. ಸಂದು ಕಾಣುವುದೇ ಸರಿಯಾದ ಲಕ್ಷಣ ಎಂದು ಪಕ್ಕದಲ್ಲಿ ಕೂತು ಹೇಳುವವರು ಒಬ್ಬರಿದ್ದರೆ ಸಾಕು, ಅರ್ಧ ಭಯ ಅಲ್ಲೇ ಹೋಗುತ್ತದೆ.

ಪಾದಕ್ಕೊಂದು ಮೂಲೆ ಇದೆ

ಮಕ್ಕಳೇ, ಒಂದು ದಾರ ಮತ್ತು ಸ್ಕೇಲ್ ತೆಗೆದುಕೊಳ್ಳಿ. ಮೊದಲು ಅಪ್ಪನ ಅಥವಾ ಅಮ್ಮನ ಪಾದದ ನಡುಭಾಗವನ್ನು ದಾರದಿಂದ ಸುತ್ತಿ ಅಳೆಯಿರಿ. ಆಮೇಲೆ ದಾರವನ್ನು ಹಿಮ್ಮಡಿಯ ತುದಿಯಿಂದ ಓರೆಯಾಗಿ ಪಾದದ ಮೇಲ್ಭಾಗಕ್ಕೆ, ಕಾಲು ಮಡಚುವ ಜಾಗಕ್ಕೆ ತಂದು ಸುತ್ತಿ ಅಳೆಯಿರಿ. ಎರಡನೆಯ ಅಳತೆ ಮೊದಲನೆಯದಕ್ಕಿಂತ ಎಷ್ಟೋ ದೊಡ್ಡದು. ಹಿಮ್ಮಡಿ ಇಲ್ಲದ ಬರೀ ಕೊಳವೆಯಂಥ ಚೀಲ ಹಾಕಿದರೆ ಇಲ್ಲೇ ಎಳೆದು ಹಿಡಿಯುತ್ತದೆ, ಮುಂದೆ ಸುಕ್ಕುಗಟ್ಟುತ್ತದೆ, ನಾಲ್ಕು ಹೆಜ್ಜೆ ಇಟ್ಟರೆ ಜಾರಿ ಕೆಳಗಿಳಿಯುತ್ತದೆ.

ಹಾಗಾಗಿ ಈ ಜಾಗದಲ್ಲಿ ಬಟ್ಟೆ ಬಟ್ಟಲಿನಂತೆ ಆಗಬೇಕು. ಚಪ್ಪಟೆ ವಸ್ತುವನ್ನು ಬಟ್ಟಲು ಮಾಡುವುದು ನಮಗೆ ಹೊಸದೇನೂ ಅಲ್ಲ. ಮುತ್ತುಗದ ಎಲೆಯಿಂದ ದೊನ್ನೆ ಕಟ್ಟುವುದನ್ನು ನೋಡಿದ್ದೀರಲ್ಲ? ಎಲೆಯ ಅಂಚನ್ನು ಅಲ್ಲಲ್ಲಿ ಮಡಚಿ ಕಡ್ಡಿ ಚುಚ್ಚುತ್ತಾರೆ. ಅಂಚು ಚಿಕ್ಕದಾಗುತ್ತದೆ, ನಡುಭಾಗ ಹಾಗೇ ಉಳಿಯುತ್ತದೆ, ಎಲೆ ತಾನಾಗಿ ಕುಳಿಯಾಗುತ್ತದೆ. ಹಿಮ್ಮಡಿಯಲ್ಲಿ ನಡೆಯುವುದೂ ಅದೇ. ನಡುವಿನ ಕುಣಿಕೆಗಳ ಮೇಲೆ ಹೆಚ್ಚು ಸಾಲು ಹೆಣೆಯುತ್ತೇವೆ, ಅಂಚಿನ ಕುಣಿಕೆಗಳನ್ನು ಎರಡೆರಡಾಗಿ ಸೇರಿಸುತ್ತ ಬರುತ್ತೇವೆ. ಎಲೆಗೆ ಮಡಿಕೆ ಹೇಗೋ ಉಣ್ಣೆಗೆ ಈ ಜೋಡಣೆ ಹಾಗೆ. ‘ಸಾಲು ಅರ್ಧಕ್ಕೆ ತಿರುಗಿಸುವುದು’ ಏಕೆಂದು ಇಷ್ಟು ತಿಳಿದರೆ ಲೆಕ್ಕ ಬಾಯಿಪಾಠ ಮಾಡುವ ಅಗತ್ಯವೇ ಬೀಳುವುದಿಲ್ಲ.

ಕೆಂಪು ಕಾಲುಚೀಲದಿಂದ ಕಂದಕದವರೆಗೆ

ಪಾದದ ಈ ಮೂಲೆಯೊಂದಿಗೆ ಮನುಷ್ಯ ಬಹಳ ಕಾಲದಿಂದ ಗುದ್ದಾಡಿದ್ದಾನೆ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಈಜಿಪ್ಟಿನಲ್ಲಿ ಸಿಕ್ಕ ಒಂದು ಜೊತೆ ಕೆಂಪು ಉಣ್ಣೆಯ ಕಾಲುಚೀಲಗಳಿವೆ. ಕಾಲ ಕ್ರಿ.ಶ. 250ರಿಂದ 420ರ ನಡುವೆ. ಹೆಬ್ಬೆರಳಿಗೆ ಬೇರೆ, ಉಳಿದ ಬೆರಳುಗಳಿಗೆ ಬೇರೆ ಎಂದು ಮುಂಭಾಗ ಎರಡಾಗಿ ಸೀಳಿದೆ. ಪಟ್ಟಿ ಇರುವ ಚಪ್ಪಲಿಯೊಂದಿಗೆ ಹಾಕಿಕೊಳ್ಳಲು ಈ ಏರ್ಪಾಡು. ಇವತ್ತು ನಾವು ಎರಡು ಕಡ್ಡಿಯಲ್ಲಿ ಹೆಣೆಯುವ ವಿಧಾನ ಅದಲ್ಲ. ಒಂದೇ ಸೂಜಿಯಿಂದ ಕುಣಿಕೆ ಹಾಕುತ್ತ ಹೋಗುವ, ಅದಕ್ಕಿಂತ ಹಳೆಯ ಕೌಶಲ. ಆದರೂ ಅದಕ್ಕೂ ಹಿಮ್ಮಡಿ ಇದೆ!

ನಾಲ್ಕೈದು ಕಡ್ಡಿಯಲ್ಲಿ ಸುತ್ತ ಹೆಣೆಯುವುದೂ ಹೊಸ ಬುದ್ಧಿಯಲ್ಲ. ಜರ್ಮನಿಯಲ್ಲಿ ಮಾಸ್ಟರ್ ಬರ್ಟ್ರಾಂ ಎಂಬ ಚಿತ್ರಕಾರನ ಹೆಸರಿನಲ್ಲಿರುವ, ಸುಮಾರು 1400ರ ಕಾಲದ ಒಂದು ಚಿತ್ರದಲ್ಲಿ ಮೇರಿ ಮಾತೆ ಕುಳಿತು ಮಗು ಏಸುವಿಗಾಗಿ ಅಂಗಿ ಹೆಣೆಯುತ್ತಿದ್ದಾಳೆ. ಕುತ್ತಿಗೆಯ ಸುತ್ತ ನಾಲ್ಕು ಕಡ್ಡಿಗಳು ಸ್ಪಷ್ಟವಾಗಿ ಕಾಣುತ್ತವೆ. 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಕಾಲುಚೀಲದ ಬಟ್ಟೆ ಹೆಣೆಯುವ ಯಂತ್ರ ಮಾಡಿದ. ಕೈಯಿಂದ ಹೆಣೆದು ಬದುಕುವ ಬಡವರ ಗತಿಯೇನು ಎಂದು ಒಂದನೇ ಎಲಿಜಬೆತ್ ರಾಣಿ ಅವನಿಗೆ ಹಕ್ಕುಪತ್ರ ಕೊಡಲಿಲ್ಲ ಎಂಬ ಕಥೆ ಪ್ರಸಿದ್ಧ. ಆ ಯಂತ್ರ ಹೆಣೆಯುತ್ತಿದ್ದುದು ಚಪ್ಪಟೆ ಬಟ್ಟೆ. ಅದನ್ನು ಕಾಲಿನ ಆಕಾರಕ್ಕೆ ಮಡಚಿ ಹೊಲಿಯಬೇಕಿತ್ತು.

ಮೊದಲ ಮಹಾಯುದ್ಧದಲ್ಲಿ ಕಾಲುಚೀಲ ಜೀವ ಉಳಿಸುವ ವಸ್ತುವಾಯಿತು. ನೀರು ತುಂಬಿದ ಕಂದಕಗಳಲ್ಲಿ ದಿನಗಟ್ಟಲೆ ನಿಂತ ಸೈನಿಕರ ಪಾದಗಳು ಕೊಳೆಯುತ್ತಿದ್ದವು. ಒಣ ಕಾಲುಚೀಲ ಬದಲಿಸುವುದೇ ಅದಕ್ಕೆ ದೊಡ್ಡ ಉಪಾಯ. ಬ್ರಿಟನ್ನಿನ ಹೆಂಗಸರು, ಮಕ್ಕಳು ಲಕ್ಷಗಟ್ಟಲೆ ಹೆಣೆದು ಕಳಿಸಿದರು. ಬೆರಳಿನ ತುದಿಯಲ್ಲಿ ಗಂಟು ಗೆರೆ ಉಳಿಯದಂತೆ ಎರಡು ಅಂಚುಗಳನ್ನು ಸೂಜಿಯಿಂದ ಬೆಸೆಯುವ ವಿಧಾನಕ್ಕೆ ಇಂದಿಗೂ ಆಗಿನ ಯುದ್ಧಮಂತ್ರಿ ಲಾರ್ಡ್ ಕಿಚನರ್ ಹೆಸರೇ ಇದೆ. ಇದೇ ಕಿಚನರ್ 1902ರಿಂದ 1909ರವರೆಗೆ ಭಾರತದಲ್ಲಿ ಸೇನೆಯ ಮುಖ್ಯಸ್ಥನಾಗಿದ್ದವನು.

ನಮ್ಮ ದೇಶದಲ್ಲೂ 1962ರ ಚೀನಾ ಯುದ್ಧದ ಸಮಯದಲ್ಲಿ ಹಿಮಾಲಯದ ಚಳಿಯಲ್ಲಿದ್ದ ಜವಾನರಿಗಾಗಿ ಊರೂರಿನ ಹೆಂಗಸರು ಸ್ವೆಟರ್ ಹೆಣೆದು ಕಳಿಸಿದರು. ಆಗ ಕಡ್ಡಿ ಹಿಡಿಯಲು ಕಲಿತವರು ಈಗ ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಹಿಮಾಚಲದ ಲಾಹೌಲ್ ಕಣಿವೆಯ ಬಣ್ಣಬಣ್ಣದ ಕೈಹೆಣಿಗೆಯ ಕಾಲುಚೀಲ, ಕೈಗವಸುಗಳಿಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿದೆ. ಮೈಸೂರು ರೇಷ್ಮೆಗೆ, ಚನ್ನಪಟ್ಟಣದ ಗೊಂಬೆಗೆ ಇರುವಂಥದೇ ಮಾನ್ಯತೆ ಅದು.

ಅಪ್ಪನ ಪಾದ, ಪಕ್ಕದ ಮನೆ ಅಜ್ಜಿಯ ಬೆರಳು

ನಾನು ಕಲಿಯಲು ಕೂತದ್ದು ಅಪ್ಪನ ಕಾಲಿಗಾಗಿ. ಅವರಿಗೆ ಹದಿನಾರು ವರ್ಷದಿಂದ ಸಕ್ಕರೆ ಕಾಯಿಲೆ. ಪಾದದಲ್ಲಿ ಸ್ಪರ್ಶ ಕಡಿಮೆಯಾಗಿದೆ, ಸಂಜೆಯ ಹೊತ್ತಿಗೆ ಕಣಕಾಲು ಊದಿಕೊಳ್ಳುತ್ತದೆ. ಅಂಗಡಿಯ ಕಾಲುಚೀಲ ಬಿಚ್ಚಿದರೆ ಎಲಾಸ್ಟಿಕ್ಕಿನ ಗುರುತು ಚರ್ಮದಲ್ಲಿ ಬಳೆಯಂತೆ ಅಚ್ಚೊತ್ತಿರುತ್ತಿತ್ತು. ಬಿಗಿಯಾದ ಎಲಾಸ್ಟಿಕ್ ಬೇಡ, ಒಳಗೆ ದಪ್ಪ ಹೊಲಿಗೆ ಇರುವ ಚೀಲ ಬೇಡ, ಉಜ್ಜಿ ಗಾಯವಾದರೆ ಅವರಿಗೆ ಗೊತ್ತೇ ಆಗುವುದಿಲ್ಲ ಎಂದರು ಡಾಕ್ಟರು. ಕೈಯಲ್ಲಿ ಸುತ್ತ ಹೆಣೆದ ಕಾಲುಚೀಲದಲ್ಲಿ ಎಲಾಸ್ಟಿಕ್ ಇರುವುದಿಲ್ಲ, ಹೊಲಿಗೆಯೂ ಇರುವುದಿಲ್ಲ. ಹಾಗೆಂದು ಗೊತ್ತಿದ್ದ ಮೇಲೆ ‘ನನಗೆ ಬರುವುದಿಲ್ಲ’ ಎಂದು ಕೂರುವುದು ಕಷ್ಟವಾಯಿತು.

ನಮ್ಮ ಬೀದಿಯಲ್ಲೊಬ್ಬರು ಅಜ್ಜಿ ಇದ್ದಾರೆ. ಹಿಂದೆ ಮಾಧ್ಯಮಿಕ ಶಾಲೆಯಲ್ಲಿ ಹೊಲಿಗೆ ಮೇಡಂ ಆಗಿದ್ದವರು. ಎರಡು ಕಣ್ಣೂ ಮಂಜಾಗಿ ಈಗ ಕಡ್ಡಿ ಹಿಡಿಯುವುದು ಬಿಟ್ಟಿದ್ದಾರೆ. ಕೇಳಿದಾಗ ಮೊದಲು ನಕ್ಕರು. ‘ನನಗೆ ಕಾಣೋದೇ ಇಲ್ಲ, ಏನು ಹೇಳಿಕೊಡ್ಲೇ?’ ಅಂದರು. ಆಮೇಲೆ ‘ತಾ ಇಲ್ಲಿ’ ಎಂದು ಹೆಣಿಗೆಯನ್ನು ಕೈಗೆ ತೆಗೆದುಕೊಂಡರು. ಹೆಬ್ಬೆರಳಿನಿಂದ ಕಡ್ಡಿಯ ಮೇಲಿನ ಕುಣಿಕೆಗಳನ್ನು ಜಪಮಣಿಯಂತೆ ತಳ್ಳುತ್ತ ಎಣಿಸಿದರು. ‘ಇಪ್ಪತ್ನಾಲ್ಕಿದೆ. ಸರಿ. ಈಗ ಹೆಣಿ, ನಾನು ಹೇಳಿದಾಗ ನಿಲ್ಸು.’

ಹದಿನಾರನೆಯ ಕುಣಿಕೆಗೆ ‘ನಿಲ್ಸು, ತಿರುಗ್ಸು’ ಅಂದರು. ‘ಅಜ್ಜೀ, ಇನ್ನೂ ಎಂಟು ಬಾಕಿ ಇದೆ’ ಅಂದೆ. ‘ಇರಲಿ ಬಿಡೇ. ಅವೆಲ್ಲಿಗೂ ಓಡಿಹೋಗಲ್ಲ’ ಎಂದರು. ವಾಪಸು ಬರುವಾಗ ಸಂದು ಬಿತ್ತು. ಅಜ್ಜಿ ಬೆರಳು ಆಡಿಸಿ ಅದನ್ನು ಹುಡುಕಿ, ‘ಇದೇ ನೋಡು ನಿನ್ನ ಗುರುತು. ಪ್ರತಿ ಸಲ ಈ ಸಂದಿನ ಆಚೆದೊಂದು ಈಚೆದೊಂದು ಸೇರಿಸು. ಎಣಿಸೋದೂ ಬೇಡ’ ಎಂದರು. ನಾನು ಪುಸ್ತಕದಲ್ಲಿ ನೋಡಿ ಹೆದರಿದ್ದ ಹತ್ತು ಸಾಲಿನ ಲೆಕ್ಕ ಅವರ ಬಾಯಲ್ಲಿ ಒಂದು ವಾಕ್ಯವಾಗಿತ್ತು.

ಅರ್ಧ ಗಂಟೆಯಲ್ಲಿ ನನ್ನ ಕೈಯಲ್ಲಿ ಸಣ್ಣದೊಂದು ಬಟ್ಟಲು ಇತ್ತು. ಅಜ್ಜಿ ಅದರೊಳಗೆ ಹೆಬ್ಬೆರಳು ಒತ್ತಿ ನೋಡಿ, ‘ಕೂತಿದೆ’ ಅಂದರು. ಅವರೂ ಹನ್ನೆರಡು ವರ್ಷದಿಂದ ಹಿಮ್ಮಡಿ ಮುಟ್ಟಿರಲಿಲ್ಲವಂತೆ. ‘ಕೇಳೋರು ಯಾರಿದ್ರು?’ ಎಂಬುದು ಅವರ ಮಾತು. ಹೇಳಿಕೊಡುವವರು ಇಲ್ಲ ಎಂದು ನಾವು ಸುಮ್ಮನಿರುತ್ತೇವೆ, ಕೇಳುವವರು ಇಲ್ಲ ಎಂದು ಅವರು ಸುಮ್ಮನಿರುತ್ತಾರೆ. ಎರಡು ಮನೆಗಳ ನಡುವೆ ಇದ್ದದ್ದು ಒಂದು ಗೋಡೆ ಮಾತ್ರ.

ಆ ಜೊತೆ ಮುಗಿಯಲು ಐದು ವಾರ ಹಿಡಿಯಿತು. ಈಗ ಅಪ್ಪನ ಕಣಕಾಲಿನಲ್ಲಿ ಗುರುತು ಬೀಳುವುದಿಲ್ಲ.

ನೀವೂ ಮಾಡಿ ನೋಡಿ

ಸೀದಾ, ಉಲ್ಟಾ ಎರಡೂ ಹೆಣಿಗೆ ಬರುವವರು ಯಾರು ಬೇಕಾದರೂ ಮಾಡಬಹುದು. ಇಲ್ಲಿ ಕೊಟ್ಟಿರುವುದು ನಡುಗಾತ್ರದ ಪಾದದ ಲೆಕ್ಕ.

ಬೇಕಾಗುವುದು: ಸ್ವಲ್ಪ ದಪ್ಪ ಉಣ್ಣೆ ದಾರ ಸುಮಾರು 100 ಗ್ರಾಂ, ಎರಡೂ ತುದಿ ಚೂಪಾಗಿರುವ 3 ಮಿ.ಮೀ. ಕಡ್ಡಿ 5, ಉಣ್ಣೆ ಹೊಲಿಯುವ ಮೊಂಡು ಸೂಜಿ, ಬೇರೆ ಬಣ್ಣದ ಗಟ್ಟಿ ದಾರ ಒಂದು ತುಂಡು. ಮೊದಲ ಸಲಕ್ಕೆ ತಿಳಿ ಬಣ್ಣದ ದಾರವೇ ಒಳ್ಳೆಯದು. ಕಪ್ಪು, ಕಡುನೀಲಿಯಲ್ಲಿ ಕುಣಿಕೆ ಕಾಣುವುದಿಲ್ಲ. ಮೊದಲು ಚಿಕ್ಕ ತುಂಡು ಹೆಣೆದು ಅಳೆಯಿರಿ: 10 ಸೆಂ.ಮೀ. ಅಗಲಕ್ಕೆ 24 ಕುಣಿಕೆ ಬರಬೇಕು. ಹೆಚ್ಚು ಬಂದರೆ ಕಡ್ಡಿ ಸ್ವಲ್ಪ ದಪ್ಪ ಮಾಡಿ, ಕಡಿಮೆ ಬಂದರೆ ಸಣ್ಣ ಮಾಡಿ.

1. ಕಾಲಿನ ಭಾಗ: 48 ಕುಣಿಕೆ ಸಡಿಲವಾಗಿ ಹಾಕಿ, ಕಡ್ಡಿಗೆ 12ರಂತೆ ನಾಲ್ಕರಲ್ಲಿ ಹಂಚಿ, ತಿರುಚದಂತೆ ನೋಡಿಕೊಂಡು ಸುತ್ತು ಸೇರಿಸಿ. 2 ಸೀದಾ, 2 ಉಲ್ಟಾ ಹೆಣೆಯುತ್ತ 5 ಸೆಂ.ಮೀ. ಪಟ್ಟಿ ಮಾಡಿ. ಎಲಾಸ್ಟಿಕ್ ಕೆಲಸ ಮಾಡುವುದು ಈ ಪಟ್ಟಿಯೇ. ಆಮೇಲೆ ಬರೀ ಸೀದಾ ಸುತ್ತುಗಳಲ್ಲಿ ಬೇಕಾದಷ್ಟು ಉದ್ದ ಹೆಣೆಯಿರಿ.

2. ಹಿಂಬದಿಯ ಪಟ್ಟಿ: ಅರ್ಧ, ಅಂದರೆ 24 ಕುಣಿಕೆಯನ್ನು ಒಂದೇ ಕಡ್ಡಿಗೆ ತನ್ನಿ. ಪಾದದ ಮೇಲ್ಭಾಗದ ಉಳಿದ 24 ಸುಮ್ಮನಿರಲಿ. ಈ 24ರ ಮೇಲೆ ಮಾತ್ರ ಹೋಗಿ ಬಂದು 24 ಸಾಲು ಹೆಣೆಯಿರಿ. ಸೀದಾ ಕಡೆಯ ಸಾಲಿನಲ್ಲಿ ಒಂದನ್ನು ಹೆಣೆಯದೆ ದಾಟಿಸಿ, ಒಂದನ್ನು ಹೆಣೆಯಿರಿ, ಸಾಲಿನುದ್ದಕ್ಕೂ ಹೀಗೆಯೇ. ಉಲ್ಟಾ ಕಡೆಯ ಸಾಲಿನಲ್ಲಿ ಮೊದಲನೆಯದನ್ನು ದಾಟಿಸಿ, ಉಳಿದದ್ದೆಲ್ಲ ಉಲ್ಟಾ. ಹೀಗೆ ದಾಟಿಸುವುದರಿಂದ ಒಳಗಡೆ ದಾರ ಒಂದರ ಮೇಲೊಂದು ಬಂದು ಹಿಮ್ಮಡಿ ದಪ್ಪವಾಗುತ್ತದೆ, ಬೇಗ ಸವೆಯುವುದಿಲ್ಲ. ಎರಡೂ ಅಂಚಿನಲ್ಲಿ 12 ದೊಡ್ಡ ಕುಣಿಕೆಗಳ ಸರಪಳಿಯೂ ಸಿಗುತ್ತದೆ.

3. ತಿರುವು: ಇದೇ ಆ ಹತ್ತು ಸಾಲು. ಶುರುಮಾಡುವ ಮೊದಲು ಸೂಜಿಗೆ ಬೇರೆ ಬಣ್ಣದ ದಾರ ಪೋಣಿಸಿ, 24 ಕುಣಿಕೆಗಳ ಒಳಗಿಂದಲೂ ಹಾಯಿಸಿ ಬಿಡಿ. ಇದು ಕಾವಲು ದಾರ. ಏನಾದರೂ ಎಡವಟ್ಟಾದರೆ ಇಲ್ಲಿಯವರೆಗೆ ಮಾತ್ರ ಬಿಚ್ಚುತ್ತದೆ, ಮುಂದಕ್ಕೆ ಹೋಗುವುದಿಲ್ಲ.

ಮೊದಲ ಸಾಲು: ಒಂದನ್ನು ದಾಟಿಸಿ, 12 ಸೀದಾ, ಎರಡನ್ನು ಸೇರಿಸಿ ಒಂದು ಮಾಡಿ, 1 ಸೀದಾ. ಎಂಟು ಉಳಿದಿರುತ್ತವೆ. ತಿರುಗಿಸಿ.
ಎರಡನೇ ಸಾಲು: ಒಂದನ್ನು ದಾಟಿಸಿ, 3 ಉಲ್ಟಾ, ಎರಡನ್ನು ಸೇರಿಸಿ ಉಲ್ಟಾ, 1 ಉಲ್ಟಾ. ಈ ಕಡೆಯೂ ಎಂಟು ಉಳಿದಿರುತ್ತವೆ. ತಿರುಗಿಸಿ.
ಮೂರನೇ ಸಾಲಿನಿಂದ: ಒಂದನ್ನು ದಾಟಿಸಿ, ಸಂದಿಗೆ ಒಂದು ಕುಣಿಕೆ ಬಾಕಿ ಇರುವವರೆಗೆ ಹೆಣೆಯಿರಿ. ಸಂದಿನ ಈಚೆಯದೊಂದು ಆಚೆಯದೊಂದು ಸೇರಿಸಿ ಹೆಣೆಯಿರಿ, ಇನ್ನೊಂದು ಹೆಣೆಯಿರಿ, ತಿರುಗಿಸಿ. ಸೀದಾ ಕಡೆ ಸೀದಾ, ಉಲ್ಟಾ ಕಡೆ ಉಲ್ಟಾ.

ಹತ್ತನೇ ಸಾಲಿಗೆ ಎರಡೂ ಕಡೆಯ ಕುಣಿಕೆ ಮುಗಿದು, ಕಡ್ಡಿಯ ಮೇಲೆ 14 ಉಳಿಯುತ್ತವೆ. ಬಟ್ಟಲು ತಯಾರು.

4. ಪಕ್ಕದ ಮೂಲೆಗಳು: ಈ 14ನ್ನು ಸೀದಾ ಹೆಣೆಯಿರಿ. ಹಿಂಬದಿ ಪಟ್ಟಿಯ ಅಂಚಿನ ಸರಪಳಿಯಿಂದ 12, ಮೂಲೆಯಲ್ಲಿ 1, ಒಟ್ಟು 13 ಹೊಸ ಕುಣಿಕೆ ಎತ್ತಿಕೊಳ್ಳಿ. ಮೂಲೆಯ ಆ ಒಂದು ಬಿಟ್ಟರೆ ಅಲ್ಲಿ ತೂತು ಬೀಳುತ್ತದೆ. ಸುಮ್ಮನಿದ್ದ ಮೇಲ್ಭಾಗದ 24 ಹೆಣೆಯಿರಿ. ಇನ್ನೊಂದು ಅಂಚಿನಿಂದಲೂ 13 ಎತ್ತಿಕೊಳ್ಳಿ. ಈಗ ಒಟ್ಟು 64. ಒಂದು ಸುತ್ತು ಬಿಟ್ಟು ಒಂದು ಸುತ್ತಿನಲ್ಲಿ, ಮೇಲ್ಭಾಗದ 24ರ ಎರಡೂ ಪಕ್ಕದಲ್ಲಿ ಒಂದೊಂದು ಕಡಿಮೆ ಮಾಡುತ್ತ ಮತ್ತೆ 48ಕ್ಕೆ ಬನ್ನಿ.

5. ಪಾದ ಮತ್ತು ಬೆರಳು: ಪಾದದ ಪೂರ್ತಿ ಉದ್ದಕ್ಕೆ 5 ಸೆಂ.ಮೀ. ಕಡಿಮೆ ಇರುವವರೆಗೆ ಸೀದಾ ಸುತ್ತು ಹೆಣೆಯಿರಿ. ಆಮೇಲೆ ಒಂದು ಸುತ್ತು ಬಿಟ್ಟು ಒಂದು ಸುತ್ತಿನಲ್ಲಿ, ಎರಡೂ ಪಕ್ಕದಲ್ಲಿ ಎರಡೆರಡು, ಒಟ್ಟು 4 ಕಡಿಮೆ ಮಾಡುತ್ತ 16ಕ್ಕೆ ಇಳಿಸಿ. ಮೇಲಿನ 8, ಕೆಳಗಿನ 8 ಎದುರುಬದುರು ಹಿಡಿದು ಸೂಜಿಯಿಂದ ಬೆಸೆಯಿರಿ.

ಮಕ್ಕಳಿಗೊಂದು ಲೆಕ್ಕ

ಕಾಲುಚೀಲವೆಂದರೆ ಕಳೆಯುವ, ಕೂಡುವ ಲೆಕ್ಕ. ಹಿಮ್ಮಡಿಯ 24ರಲ್ಲಿ ಸಾಲಿಗೆ ಒಂದರಂತೆ ಹತ್ತು ಸಾಲಿಗೆ ಹತ್ತು ಹೋಗಿ 14 ಉಳಿಯಿತು. 64ರಿಂದ 48ಕ್ಕೆ ಬರಲು ಸಲಕ್ಕೆ ಎರಡರಂತೆ ಎಂಟು ಸಲ. 48ರಿಂದ 16ಕ್ಕೆ ಬರಲು ಸಲಕ್ಕೆ ನಾಲ್ಕರಂತೆ ಅದೂ ಎಂಟು ಸಲ.

ಈಗ ನಿಮ್ಮ ಸರದಿ. ದೊಡ್ಡ ಕಾಲಿನ ಮಾವನಿಗೆ 56 ಕುಣಿಕೆಯ ಕಾಲುಚೀಲ ಬೇಕು. ಹಿಮ್ಮಡಿಗೆ ಅರ್ಧ, ಅಂದರೆ 28. ಹಿಂಬದಿ ಪಟ್ಟಿ 28 ಸಾಲು. ತಿರುವು ಮುಗಿದಾಗ 16 ಉಳಿಯುತ್ತವೆ. ಅಂಚಿನಲ್ಲಿ ಎರಡು ಸಾಲಿಗೆ ಒಂದರಂತೆ ಕುಣಿಕೆ ಎತ್ತಿ, ಮೂಲೆಗೆ ಒಂದೊಂದು ಸೇರಿಸಿದರೆ ಒಟ್ಟು ಎಷ್ಟಾಗುತ್ತದೆ? ಮತ್ತೆ 56ಕ್ಕೆ ಬರಲು ಎಷ್ಟು ಸಲ ಕಡಿಮೆ ಮಾಡಬೇಕು? (ಉತ್ತರ ಕೊನೆಯಲ್ಲಿದೆ, ಮೊದಲೇ ನೋಡಬೇಡಿ!)

ಇದು ದೊಡ್ಡವರ ಕೆಲಸ ಎಂದುಕೊಳ್ಳಬೇಡಿ. 1919ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಶುರುವಾದ ವಾಲ್ಡಾರ್ಫ್ ಶಾಲೆಗಳ ಪದ್ಧತಿಯಲ್ಲಿ ಹುಡುಗರು, ಹುಡುಗಿಯರು ಎಲ್ಲರೂ ಒಂದನೇ ತರಗತಿಯಲ್ಲೇ ಹೆಣಿಗೆ ಕಲಿಯುತ್ತಾರೆ. ಐದನೇ ತರಗತಿಯ ಹೊತ್ತಿಗೆ ಹಲವು ಕಡ್ಡಿಯಲ್ಲಿ ಕಾಲುಚೀಲ ಹೆಣೆಯುತ್ತಾರೆ. ಹತ್ತು ಹನ್ನೊಂದರ ಮಕ್ಕಳಿಗೆ ಹಿಮ್ಮಡಿಯ ಭಯವಿಲ್ಲ. ‘ಇದು ಕಷ್ಟ’ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಕಲಿಯುವಾಗ, ಹಾಕಿಕೊಳ್ಳುವಾಗ

ಮೊದಲ ಹಿಮ್ಮಡಿಯನ್ನು ನಿಜವಾದ ಕಾಲುಚೀಲದಲ್ಲೇ ಮಾಡಬೇಕೆಂದಿಲ್ಲ. ದಪ್ಪ ದಾರದಲ್ಲಿ 24 ಕುಣಿಕೆ ಹಾಕಿ, ಎರಡು ಮತ್ತು ಮೂರನೆಯ ಹಂತ ಮಾತ್ರ ಹೆಣೆದು ನೋಡಿ. ಒಂದು ಮಧ್ಯಾಹ್ನದ ಕೆಲಸ. ಹಾಳಾದರೆ ಹಾಳಾಗುವುದು ಒಂದು ಹಿಡಿ ದಾರ, ಅದನ್ನೂ ಬಿಚ್ಚಿ ಮತ್ತೆ ಸುತ್ತಬಹುದು.

ತಿರುವಿನ ಮಧ್ಯದಲ್ಲಿ ಎದ್ದು ಹೋಗಬೇಡಿ. ಕುಕ್ಕರ್ ಒಲೆಯ ಮೇಲಿಟ್ಟು ಈ ಹತ್ತು ಸಾಲಿಗೆ ಕೂರುವುದೂ ಬೇಡ. ಹಗಲು ಬೆಳಕಿನಲ್ಲಿ, ಮನೆಯವರೆಲ್ಲ ಹೊರಗೆ ಹೋದ ಮೇಲೆ, ಬಾಯಿಬಿಟ್ಟು ಎಣಿಸುತ್ತ ಮಾಡಿ.

ಒಂದು ಮುಗಿದ ಕೂಡಲೇ, ಅದೇ ದಿನ, ಎರಡನೆಯದಕ್ಕೆ 48 ಕುಣಿಕೆ ಹಾಕಿಬಿಡಿ. ಒಂಟಿ ಕಾಲುಚೀಲ ಡಬ್ಬಿಯಲ್ಲಿ ವರ್ಷಗಟ್ಟಲೆ ಕಾಯುವುದು ಹೆಣಿಗೆಯವರ ಮನೆಗಳಲ್ಲಿ ಸಾಮಾನ್ಯ. ಎರಡನೆಯ ಹಿಮ್ಮಡಿ ಮೊದಲನೆಯದರ ಅರ್ಧ ಹೊತ್ತಿನಲ್ಲಿ ತಿರುಗುತ್ತದೆ, ಆಗಲೇ ವಿದ್ಯೆ ಕೈಗೆ ಹತ್ತುವುದು.

ನಮ್ಮ ಪೇಟೆಗಳಲ್ಲಿ ‘ಉಲ್ಲನ್’ ಎಂದು ಸಿಗುವುದರಲ್ಲಿ ಬಹುಪಾಲು ಅಕ್ರಿಲಿಕ್. ಕೂಸಿನ ಟೋಪಿಗೆ ಅದು ಸರಿ. ಹಿರಿಯರ ಕಾಲಿಗಾದರೆ ನಿಜವಾದ ಉಣ್ಣೆ ಇರುವ ದಾರ ಹುಡುಕಿ. ಬೆವರನ್ನು ಹೀರಿಯೂ ಅದು ಬೆಚ್ಚಗಿರುತ್ತದೆ. ಮುಕ್ಕಾಲು ಪಾಲು ಉಣ್ಣೆ, ಕಾಲು ಪಾಲು ನೈಲಾನ್ ಸೇರಿದ ದಾರ ಕಾಲುಚೀಲಕ್ಕೆಂದೇ ಸಿಗುತ್ತದೆ, ಬಾಳಿಕೆ ಚೆನ್ನಾಗಿದೆ. ತಣ್ಣೀರಿನಲ್ಲಿ ಮೆತ್ತಗೆ ಒಗೆದು, ಹಿಂಡದೆ ಟವೆಲ್ಲಿನಲ್ಲಿ ಒತ್ತಿ, ನೆರಳಿನಲ್ಲಿ ಹಾಸಿ ಒಣಗಿಸಿ.

ಎರಡು ಎಚ್ಚರಿಕೆ ಮುಖ್ಯ. ಸಕ್ಕರೆ ಕಾಯಿಲೆಯವರಿಗೆ ಕೊಡುವ ಮೊದಲು ಚೀಲವನ್ನು ಒಳಮಗ್ಗುಲು ಮಾಡಿ ಗಂಟು, ದಾರದ ತುದಿ ಇಲ್ಲವೆಂದು ಬೆರಳಾಡಿಸಿ ನೋಡಿ. ಹಾಕಿಕೊಂಡ ದಿನವೂ ಪಾದ ಪರೀಕ್ಷಿಸಿ. ಗಾಯವಿದ್ದರೆ, ಊತ ಹೆಚ್ಚಿದ್ದರೆ ಡಾಕ್ಟರನ್ನು ಕೇಳಿಯೇ ಹಾಕಿ. ಇನ್ನೊಂದು, ಉಣ್ಣೆಯ ಕಾಲುಚೀಲ ಟೈಲ್ಸ್ ನೆಲದ ಮೇಲೆ ಜಾರುತ್ತದೆ. ಹಿರಿಯರು ಅದನ್ನು ಹಾಸಿಗೆಯಲ್ಲಿ, ಕುರ್ಚಿಯಲ್ಲಿ ಹಾಕಿಕೊಳ್ಳಲಿ. ಓಡಾಡುವಾಗ ಮೇಲೆ ಜಾರದ ಚಪ್ಪಲಿ ಇರಲಿ.

ನಿಮ್ಮ ಬೀದಿಯಲ್ಲೂ ಹೆಣಿಗೆ ಬಲ್ಲ ಅಜ್ಜಿಯೊಬ್ಬರು ಇರಬಹುದು. ಈ ಭಾನುವಾರ ಐದು ಕಡ್ಡಿ, ಒಂದು ಉಂಡೆ ಹಿಡಿದು ಹೋಗಿ ಕೇಳಿ. ಜೊತೆಗೆ ಮಕ್ಕಳನ್ನೂ ಕರೆದೊಯ್ಯಿರಿ. ಕಲಿತ ಮೇಲೆ ಹಿಮ್ಮಡಿಯ ಮಾದರಿ ತುಂಡೊಂದನ್ನು ಬಿಚ್ಚದೆ, ಅದಕ್ಕೆ ಲೆಕ್ಕ ಬರೆದ ಚೀಟಿ ಪಿನ್ ಮಾಡಿ ಹೆಣಿಗೆ ಡಬ್ಬಿಯಲ್ಲಿಡಿ. ಮುಂದೆ ಆ ಡಬ್ಬಿ ತೆರೆಯುವವರು ಅದರೊಳಗೆ ಹೆಬ್ಬೆರಳು ಇಟ್ಟು ನೋಡಿದರೆ ಸಾಕು, ಅರ್ಧ ಪಾಠ ಅಲ್ಲೇ ಆಗುತ್ತದೆ.

(ಮಾವನ ಕಾಲುಚೀಲದ ಉತ್ತರ: 16 + 15 + 28 + 15 = 74 ಕುಣಿಕೆ. 74ರಿಂದ 56ಕ್ಕೆ 18 ಕಡಿಮೆಯಾಗಬೇಕು. ಸಲಕ್ಕೆ ಎರಡರಂತೆ 9 ಸಲ.)